ಎರಡು ಬೆರಳ ದೂರ

ಜನವರಿ 8

ಸೋಡಾಬುಡ್ಡಿಗೆ,

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಕೇಳಬೇಕು. ಕೇಳಿದ್ದೇನೆ ಎಂದುಕೋ. ನನ್ನ ಕ್ಷೇಮದ ವಿಷಯಕ್ಕೆ ಕೈ ಹಾಕಿದರೆ ಈ ಹಾಳೆ ಸಾಲದು, ಬಿಟ್ಟುಬಿಡುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ನೀನು “ಹಾಂ ಅಮ್ಮ, ಸರಿ ಅಮ್ಮ” ಅಂತ ಎರಡು ಮಾತಿನಲ್ಲಿ ಮುಗಿಸಿಬಿಡುತ್ತೀಯ.

ನೀನು ಕಳಿಸಿದ ಟ್ಯಾಬ್ ಎರಡು ತಿಂಗಳು ಬೀರುವಿನಲ್ಲೇ ಇತ್ತು. ‘ಕಡ್ಡಿ ಅರ್ಧಕ್ಕೆ ಬಿಟ್ಟ ಗೇಮ್ ಮುಗಿಸಿದ್ದೇನೆ’ ಎಂದು ಚೀಟಿ ಅಂಟಿಸಿದ್ದೆಯಲ್ಲ, ಅದನ್ನು ಓದಿ ಬೀರುವಿನ ಬಾಗಿಲು ಹಾಕಿದ್ದೆ. ನನ್ನ ಮಗಳು ಹಿಡಿದದ್ದನ್ನು ಅರ್ಧಕ್ಕೆ ಬಿಡುವವಳಲ್ಲ. ನೀವಿಬ್ಬರೂ ಸೇರಿ ಗೇಮ್ ಮಾಡುತ್ತಿದ್ದ ಆಫೀಸಿಗೆ ಬಿದ್ದ ಬೆಂಕಿ ಬಿಡಿಸಿತು.

ಮೊನ್ನೆ ನಮ್ಮ ಡ್ರೈವರ್ ಬಂದಿದ್ದರು. ನಾನು ಕಂಡಕ್ಟರ್ ಆಗಿದ್ದಷ್ಟು ಕಾಲವೂ ನನ್ನ ಬಸ್ಸು ಓಡಿಸಿದವರು. ಈಗ ಇಬ್ಬರೂ ರಿಟೈರ್ ಆಗಿದ್ದೇವೆ, ವಾರಕ್ಕೊಮ್ಮೆ ಬಂದು ಕಾಫಿ ಕುಡಿದು ನನ್ನ ಮುಖ ನೋಡಿ ಹೋಗುತ್ತಾರೆ. ಅವರೇ ಅದನ್ನು ಚಾರ್ಜಿಗೆ ಹಾಕಿ ಗೇಮ್ ತೆರೆದರು. ಸ್ವಲ್ಪ ಹೊತ್ತು ನೋಡಿ, “ಅಲ್ಲಾ ಮೇಡಂ, ಇದು ನಮ್ ರೂಟೇ ಕಣ್ರೀ” ಅಂದರು.

ನಮ್ಮ ರೂಟೇ. ಅದೇ ತಿರುವು, ಅದೇ ಮುರಿದ ಬೆಂಚಿನ ಸ್ಟಾಪು. ಬಸ್ಸು ನಿಲ್ಲಿಸುವ ಬಟನ್ ಮೇಲೆ ಕಡ್ಡಿ ‘ಹೋಲ್ಡಾನ್’ ಅಂತ ಬರೆದಿದ್ದಾಳೆ, ಬಿಡುವ ಬಟನ್ ಮೇಲೆ ‘ರೈಟ್’ ಅಂತ. ಯಾರೂ ಹೇಳಿಕೊಡದೆಯೇ ಆಡಿದೆ. ಜನ ಹತ್ತಿದರು, ಇಳಿದರು, ರೈಟ್ ಒತ್ತಿದೆ. ನೀರಿನ ಟ್ಯಾಂಕ್ ಸ್ಟಾಪಿನವರೆಗೂ ಹೀಗೇ ಹೋದೆ.

ಅಲ್ಲಿ ಹಳದಿ ಕೋಟಿನವಳೊಬ್ಬಳು ನಿಂತಿದ್ದಾಳೆ. ನಿಮ್ಮ ಗೇಮು ಎಲ್ಲವನ್ನೂ ಮಹಡಿಯ ಮೇಲಿನಿಂದ ನೋಡಿದ ಹಾಗೆ ತೋರಿಸುತ್ತದೆ, ಅವಳು ನನ್ನ ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಆದರೂ ಬ್ಯಾಗನ್ನು ಎದೆಗೆ ಅವಚಿಕೊಂಡು, ಎಡಗಾಲನ್ನು ಬಲಗಾಲಿನ ಹಿಂದೆ ಮರೆಮಾಡಿಕೊಂಡು ಒಂಟಿಕಾಲಿನಲ್ಲಿ ನಿಲ್ಲುವವರು ಈ ಲೋಕದಲ್ಲಿ ಇನ್ನು ಯಾರಿದ್ದಾರೆ? ಬಾಗಿಲು ತೆರೆದೆ. ಹತ್ತಲಿಲ್ಲ. ಮತ್ತೆ ತೆರೆದೆ. ಸ್ಟಾಪಿನಲ್ಲಿ ಜನರನ್ನು ನಿಲ್ಲಿಸಿ ರೈಟ್ ಹೇಳಿದವಳಲ್ಲ ನಾನು. ಬಸ್ಸು ಇನ್ನೂ ಅಲ್ಲೇ ನಿಂತಿದೆ.

ಅವಳು ಕಡ್ಡಿಯೇ ತಾನೆ? ಸುತ್ತಿ ಬಳಸದೆ ಹೇಳು. ಹೌದಾದರೆ ನನಗೆ ಅವಳ ಮುಖ ನೋಡಬೇಕು. ಹತ್ತಿರ ಹೋಗುವುದು ಹೇಗೆಂದು ಬರೆ.

ಕಡ್ಡಿಯ ಅಮ್ಮ


ಜನವರಿ 19

ಅಮ್ಮ,

ನಿಮ್ಮ ಕಾಗದವನ್ನು ಬಂದ ದಿನವೇ ಒಡೆಯಲಿಲ್ಲ. ಬೈಗುಳ ಇರುತ್ತದೆ ಎಂದುಕೊಂಡಿದ್ದೆ. ಇದ್ದಿದ್ದರೆ ಸಮಾಧಾನವಾಗುತ್ತಿತ್ತೋ ಏನೋ.

ಹೌದು, ಅವಳೇ. ಪ್ರತಿ ಗೇಮಿನಲ್ಲೂ ಎಲ್ಲೋ ಒಂದು ಕಡೆ ತನ್ನನ್ನು ನಿಲ್ಲಿಸಿಕೊಳ್ಳುವುದು ಅವಳ ಚಾಳಿ. ಅವಳು ಬಸ್ಸು ಹತ್ತುವುದಿಲ್ಲ ಅಮ್ಮ. ಹತ್ತುವವರನ್ನು ಬೇರೆಯಾಗಿ ಮಾಡಿದ್ದೇವೆ. ಅವಳು ಮರ, ದೀಪದ ಕಂಬಗಳ ಹಾಗೆ ಬರೀ ಹಿನ್ನೆಲೆ. ನೀವು ರೈಟ್ ಒತ್ತಿ, ಏನೂ ತಪ್ಪಿಲ್ಲ.

ಹತ್ತಿರ ಹೋಗಲು ಆಗುವುದಿಲ್ಲ. ಈ ಗೇಮಿನಲ್ಲಿ ಕ್ಯಾಮೆರಾ ಒಂದೇ ಎತ್ತರದಲ್ಲಿ ಬಸ್ಸಿನ ಜೊತೆ ಹೋಗುತ್ತದೆ. ಜೂಮ್ ಬೇಡವೆಂದು ಕಡ್ಡಿಯೇ ತೀರ್ಮಾನ ಮಾಡಿದ್ದಳು. ಈಗ ಸೇರಿಸಿದರೆ ಗೇಮಿನ ಚಂದ ಕೆಡುತ್ತದೆ.

ಹುಷಾರಾಗಿರಿ.

ಸೋಡಾಬುಡ್ಡಿ


ಜನವರಿ 27

ಸೋಡಾಬುಡ್ಡಿಗೆ,

ಗೇಮಿನ ಚಂದ ಕೆಡುತ್ತದೆಯಂತೆ. ನನ್ನ ಬದುಕೇ ಕೆಟ್ಟು ಕೂತಿರುವಾಗ ನಿನ್ನ ಗೇಮಿನ ಚಂದ ಕಟ್ಟಿಕೊಂಡು ನನಗೇನಾಗಬೇಕು?

ಚಿಲ್ಲರೆ ಇಲ್ಲ ಎನ್ನುವ ಪ್ರಯಾಣಿಕರ ಜೇಬಿನಿಂದ ಚಿಲ್ಲರೆ ತೆಗೆಸಿದವಳು ನಾನು. ‘ಆಗುವುದಿಲ್ಲ’ ಮತ್ತು ‘ಮಾಡುವುದಿಲ್ಲ’ ಇವೆರಡರ ವ್ಯತ್ಯಾಸ ನನಗೆ ದನಿಯಲ್ಲೇ ತಿಳಿಯುತ್ತದೆ. ಕಾಗದದಲ್ಲೂ ತಿಳಿಯಿತು. ಡ್ರೈವರ್ ತಮ್ಮ ಮೊಮ್ಮಗಳ ಫೋಟೋವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ಅವಳ ಹೊಸ ಹಲ್ಲು ತೋರಿಸಿದರು. ಫೋಟೋಕ್ಕೆ ಆಗುವುದು ನಿನ್ನ ಗೇಮಿಗೆ ಏಕಾಗುವುದಿಲ್ಲ?

ಬಸ್ಸು ಅಲ್ಲೇ ಇದೆ. ಡ್ರೈವರ್ ದಿನವೂ ರೇಗಿಸುತ್ತಾರೆ: “ಹಿಂದಿನ್ ಬಸ್ಸೋರು ಹಾರ್ನ್ ಹೊಡೀತಿರ್ತಾರೆ ನೋಡಿ ಮೇಡಂ.” ಹೊಡೆಯಲಿ.

ಕಡ್ಡಿಯ ಅಮ್ಮ


ಫೆಬ್ರವರಿ 20

ಅಮ್ಮ,

ಮಾಡಿದ್ದೇನೆ. ಗೇಮ್ ತೆರೆದಾಗ ‘ಹೊಸತು ಬಂದಿದೆ’ ಎಂದು ಕೇಳುತ್ತದೆ, ‘ಸರಿ’ ಒತ್ತಿ. ಆಮೇಲೆ ಎರಡು ಬೆರಳನ್ನು ಒಟ್ಟಿಗೆ ಇಟ್ಟು ಅಗಲಿಸಿದರೆ ಹತ್ತಿರ. ಅಗಲವಾಗಿ ಇಟ್ಟು ಕೂಡಿಸಿದರೆ ದೂರ. ಬಸ್ಸು ನಿಂತಿರುವಾಗ ಒಂದೇ ಬೆರಳಿಟ್ಟು ಎಳೆದರೆ ಕ್ಯಾಮೆರಾ ಪಕ್ಕಕ್ಕೆ ಸರಿಯುತ್ತದೆ.

ಕೇಳಲು ಸುಲಭ, ಮಾಡುವಾಗ ಸಾಕುಬೇಕಾಯಿತು. ಟ್ಯಾಬ್‌ಗೆ ಬೆರಳು ಗೊತ್ತಿಲ್ಲ, ಎರಡು ಚುಕ್ಕೆ ಗೊತ್ತು, ಅವುಗಳ ನಡುವಿನ ದೂರ ಗೊತ್ತು. ಅದನ್ನೇ ಅಳೆದು ಅಳೆದು ಕ್ಯಾಮೆರಾಗೆ ಹೇಳಬೇಕು. ಮೊದಲ ವಾರ ನಾನು ಮುಟ್ಟಿದರೆ ಊರೇ ತಲೆಕೆಳಗಾಗುತ್ತಿತ್ತು. ಕಡ್ಡಿ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಈಗ ಆಫೀಸು ನನ್ನ ಮನೆಯ ಮುಂದಿನ ಕೋಣೆ. ಒಂದು ಮೇಜು, ಒಂದು ಕುರ್ಚಿ. ಎರಡನೆಯ ಕುರ್ಚಿ ತರಲು ಅಂಗಡಿಗೆ ಹೋಗಿ ಹಾಗೇ ವಾಪಸ್ ಬಂದೆ.

ಸೋಡಾಬುಡ್ಡಿ


ಮಾರ್ಚ್ 2

ಸೋಡಾಬುಡ್ಡಿಗೆ,

ನಿನ್ನ ಎರಡು ಬೆರಳಿನ ವಿದ್ಯೆ ತಿರುಗುಮುರುಗಾಗಿದೆ. ಮಗುವಿನ ಕೆನ್ನೆ ಹಿಡಿದು ಹತ್ತಿರ ಎಳೆದುಕೊಳ್ಳುವಾಗ ಬೆರಳು ಕೂಡುತ್ತವೆಯೋ ಅಗಲುತ್ತವೆಯೋ? ನಾನು ಹಿಡಿದು ಎಳೆದಷ್ಟೂ ಅವಳು ಓಡಿಹೋಗುತ್ತಾಳೆ. ಮೊದಲ ಸಲ ಹಾಗಾದಾಗ ಟ್ಯಾಬನ್ನು ಮಂಚದ ಮೇಲೆ ಬಿಸಾಡಿ ಅತ್ತುಬಿಟ್ಟೆ. ಡ್ರೈವರ್ ಬಚ್ಚಲಲ್ಲಿ ಕೈ ತೊಳೆಯುವ ನೆಪ ಮಾಡಿಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದರು.

ಆಮೇಲೆ ನೀನು ಹೇಳಿದಂತೆಯೇ ಮಾಡಿದೆ. ಅದೂ ಸರಿಯಿಲ್ಲ. ಹತ್ತಿರ ಬಂದಳು ಅನ್ನುವಷ್ಟರಲ್ಲಿ ಕಪ್ಪೆ ನೆಗೆದ ಹಾಗೆ ಇನ್ನೆಲ್ಲಿಗೋ ನೆಗೆಯುತ್ತದೆ. ಒಮ್ಮೆ ಯಾರದೋ ಛಾವಣಿ, ಒಮ್ಮೆ ಬರೀ ಟಾರು ರಸ್ತೆ. ಅವಳ ಕೋಟಿನ ಹಳದಿ ಒಂದು ಕ್ಷಣ ಪರದೆಯ ತುಂಬ ಬರುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಇಲ್ಲ.

ಸರಿಮಾಡು.

ಕಡ್ಡಿಯ ಅಮ್ಮ


ಮಾರ್ಚ್ 18

ಅಮ್ಮ,

ಜಗತ್ತಿನ ಎಲ್ಲ ಫೋನುಗಳಲ್ಲೂ ಬೆರಳು ಅಗಲಿಸಿದರೇ ಹತ್ತಿರ. ಆದರೆ ಕೆನ್ನೆಯ ಮಾತು ನನಗೆ ಹೊಳೆದಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಕೆನ್ನೆ ಹಿಡಿದಂತೆ’ ಎಂದು ಒಂದು ಸಾಲು ಸೇರಿಸಿದ್ದೇನೆ. ಅದನ್ನು ಒತ್ತಿದರೆ ಕೂಡಿಸಿದಾಗ ಹತ್ತಿರ ಬರುತ್ತಾಳೆ. ಆಡುವವರೆಲ್ಲರಿಗೂ ಅದು ಕಾಣುತ್ತದೆ. ಇದೇನಪ್ಪಾ ಎಂದು ತಲೆ ಕೆರೆದುಕೊಳ್ಳಲಿ.

ನೆಗೆಯುವುದು ಮಾತ್ರ ಹಿಡಿತಕ್ಕೆ ಸಿಕ್ಕಿಲ್ಲ. ನನ್ನ ಕೈಯಲ್ಲಿ ಒಮ್ಮೆಯೂ ಆಗುವುದಿಲ್ಲ. ನಿಮ್ಮ ಟ್ಯಾಬ್ ಕಳಿಸಿದ ಮಾಹಿತಿಯಲ್ಲಿ ಎರಡರ ಬದಲು ಮೂರು ಬೆರಳು, ಕೆಲವೊಮ್ಮೆ ಐದು ಬೆರಳು ಕಾಣುತ್ತಿವೆ. ನೀವು ಹೇಗೆ ಕೂರುತ್ತೀರಿ, ಹೇಗೆ ಮುಟ್ಟುತ್ತೀರಿ, ಎಲ್ಲವನ್ನೂ ಬರೆಯಿರಿ. ಎರಡು ವಾರದಿಂದ ಇದೊಂದರಲ್ಲೇ ತಲೆ ಕೆಡಿಸಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ತಲೆ ಕೆಡಿಸಿಕೊಳ್ಳಲು ಇದೊಂದಾದರೂ ಇದೆಯಲ್ಲ ಎನಿಸುತ್ತಿದೆ.

ಸೋಡಾಬುಡ್ಡಿ


ಮಾರ್ಚ್ 26

ಸೋಡಾಬುಡ್ಡಿಗೆ,

ಕಳ್ಳ ಸಿಕ್ಕಿದ. ಡ್ರೈವರ್ ಪಕ್ಕದಲ್ಲೇ ಕೂತು ನೋಡುತ್ತಿದ್ದವರು ಇದ್ದಕ್ಕಿದ್ದಂತೆ, “ಮೇಡಂ, ಬೆರಳು ಬಾಯಿಗೆ ಯಾಕ್ ಹೋಯ್ತು?” ಅಂದರು.

ಹೋಗಿದ್ದೇ ನನಗೆ ತಿಳಿದಿರಲಿಲ್ಲ. ಇಷ್ಟು ವರ್ಷ ಟಿಕೆಟ್ ಹರಿದು ಹರಿದು ನನ್ನ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿಲ್ಲ. ಒಣಬೆರಳು ಮುಟ್ಟಿದರೆ ಟ್ಯಾಬ್ ಕ್ಯಾರೇ ಅನ್ನುವುದಿಲ್ಲ. ಆಗ ಕೈ ತಾನಾಗಿಯೇ ನಾಲಿಗೆಗೆ ಹೋಗುತ್ತದೆ, ಟಿಕೆಟ್ ಕಟ್ಟು ಬಿಡಿಸುವಾಗ ಹೋಗುತ್ತಿದ್ದ ಹಾಗೆ. ನನ್ನ ಎಂಜಲಿನ ಒದ್ದೆಯೇ ನಿನ್ನ ಮೂರನೆಯ ಬೆರಳು, ಐದನೆಯ ಬೆರಳು. ಕಡ್ಡಿ ಚಿಕ್ಕವಳಿದ್ದಾಗ “ಥೂ ಅಮ್ಮ, ಅದೇ ಕೈಯಲ್ಲಿ ನಂಗೆ ಊಟ ಬಡಿಸ್ಬೇಡ” ಅನ್ನುತ್ತಿದ್ದಳು. ಎರಡು ವಾರ ನಿನ್ನನ್ನು ಆಟವಾಡಿಸಿದ್ದಕ್ಕೆ ಬೈದುಕೋ.

ಡ್ರೈವರ್ ಕೈಗೆ ಹಚ್ಚುವ ಕ್ರೀಮ್ ತಂದುಕೊಟ್ಟಿದ್ದಾರೆ. ಈಗ ಟ್ಯಾಬ್ ನನ್ನ ಬೆರಳನ್ನು ಗುರುತಿಸುತ್ತದೆ. ಕೂಡಿಸಿದೆ, ಬಂದಳು. ಮೆಲ್ಲಗೆ, ಗಾಬರಿಯಿಲ್ಲದೆ ಬಂದಳು. ಕೋಟಿನ ಜೇಬು ಕಂಡಿತು. ಬ್ಯಾಗಿನ ಪಟ್ಟಿಗೆ ಹಾಕಿದ ಗಂಟು ಕಂಡಿತು, ಅದು ನಾನು ಹಾಕಿಕೊಟ್ಟ ಗಂಟು.

ಆದರೆ ಒಂದು ಕಡೆ ಗೋಡೆಗೆ ಬಡಿದಂತೆ ನಿಂತುಬಿಡುತ್ತದೆ. ಅಲ್ಲಿಂದ ಅವಳ ತಲೆ ಇನ್ನೂ ಕಡಲೆಕಾಳಿನಷ್ಟೇ. ಕೂದಲು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಯಾಕೆ ನಿಲ್ಲುತ್ತದೆ?

ಕಡ್ಡಿಯ ಅಮ್ಮ


ಏಪ್ರಿಲ್ 5

ಅಮ್ಮ,

ಎಂಜಲಿನ ವಿಷಯ ಓದಿ ಎಷ್ಟೋ ತಿಂಗಳ ಮೇಲೆ ಜೋರಾಗಿ ನಕ್ಕೆ. ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು.

ನಿಲ್ಲುವುದು ತೊಂದರೆಯಲ್ಲ. ಯಾವ ಕ್ಯಾಮೆರಾಗೂ ಒಂದು ಮಿತಿ ಇಡಬೇಕು, ಇಲ್ಲದಿದ್ದರೆ ಗೋಡೆಯೊಳಗೆ, ಮನುಷ್ಯರೊಳಗೆ ನುಗ್ಗಿಬಿಡುತ್ತದೆ. ದೂರದಿಂದ ನೋಡಲೆಂದು ಬಿಡಿಸಿದ್ದನ್ನು ಹತ್ತಿರದಿಂದ ನೋಡಿದರೆ ಚೆನ್ನಾಗಿರುವುದಿಲ್ಲ. ಜೂಮ್ ಬಂದ ಮೇಲೆ ಕೊಳಕು ಕಾಣುತ್ತಿದ್ದ ಕಡೆಗಳನ್ನೆಲ್ಲ ಒರೆಸಿ ಶುಚಿ ಮಾಡಿದ್ದೇನೆ. ಬೆಂಚಿನ ಮೇಲೆ ಬಣ್ಣ ಚೆಲ್ಲಿತ್ತು, ಕಂಬ ಸೊಟ್ಟಗಿತ್ತು, ಕಡ್ಡಿಯ ಕಾಲಿನ ಹತ್ತಿರ ಎಲ್ಲಿಂದಲೋ ಬಿದ್ದ ಒಂದು ಕರಿ ಚುಕ್ಕೆಯಿತ್ತು. ಈಗ ಎಲ್ಲ ನೀಟಾಗಿದೆ.

ಇಷ್ಟು ಹತ್ತಿರ ಸಾಕು ಅಮ್ಮ. ಇನ್ನು ರೈಟ್ ಒತ್ತಿ, ಮುಂದಿನ ರಸ್ತೆಗಳು ಬಹಳ ಚಂದ ಇವೆ. ಅವಳು ಕಷ್ಟಪಟ್ಟು ಮಾಡಿದ್ದು.

ಸೋಡಾಬುಡ್ಡಿ


ಏಪ್ರಿಲ್ 14

ಸೋಡಾಬುಡ್ಡಿಗೆ,

ಇವತ್ತಿಗೆ ಒಂದು ವರ್ಷ. ನಿನಗೆ ನೆನಪಿಸಬೇಕಾಗಿಲ್ಲ.

‘ಇಷ್ಟು ಹತ್ತಿರ ಸಾಕು ಅಮ್ಮ’ ಎಂದು ಬರೆದಿದ್ದೀಯ. ಆವತ್ತೂ ನೀನು ಇದನ್ನೇ ಹೇಳಿದ್ದೆ. ಆಸ್ಪತ್ರೆಯ ಆ ಉದ್ದನೆಯ ಓಣಿಯ ಕೊನೆಯಲ್ಲಿ ಬೂದುಬಣ್ಣದ ಬಾಗಿಲು. ನೀನು ಒಳಗೆ ಹೋಗಿ ಬಂದೆ. ನಾನು ಒಳಗೆ ಕಾಲಿಡಬೇಕು ಅನ್ನುವಷ್ಟರಲ್ಲಿ ಚೌಕಟ್ಟಿಗೆ ಕೈ ಅಡ್ಡ ಹಿಡಿದೆ. “ಬೇಡ ಅಮ್ಮ, ನಿಮ್ ಮನಸ್ಸಲ್ಲಿರೋ ಮುಖಾನೇ ಇಟ್ಕೊಳಿ” ಅಂದೆ. ನಾನು ನಿನ್ನ ಕೈ ತಳ್ಳಬಹುದಿತ್ತು. ರಷ್ಷಿನಲ್ಲಿ ಗಂಡಸರನ್ನು ತಳ್ಳಿ ದಾರಿ ಮಾಡಿಕೊಂಡವಳು. ನಿನ್ನ ಮಾತು ಕೇಳಿ ನಿಂತೆ. ಮುಚ್ಚಿದ ಪೆಟ್ಟಿಗೆಯನ್ನೇ ಕಳಿಸಿಕೊಟ್ಟೆವು.

ನೀನು ನನಗೆ ಒಳ್ಳೆಯದು ಮಾಡಿದೆ ಎಂದುಕೊಂಡಿದ್ದೀಯ. ಕೇಳು. ಮುಖ ನೋಡದೆ ಕಳಿಸಿದ ತಾಯಿಯ ಮನಸ್ಸು ನಂಬುವುದಿಲ್ಲ. ನಾನು ಈಗಲೂ ದಿನಾ ಬಸ್ಸು ಹತ್ತುತ್ತೇನೆ, ಹೋಗಬೇಕಾದ ಊರಿಲ್ಲ, ಸುಮ್ಮನೆ. ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಹತ್ತುವ ಹುಡುಗಿಯರನ್ನೆಲ್ಲ ನೋಡುತ್ತೇನೆ. ಸಪೂರ ಬೆನ್ನು ಕಂಡರೆ ಎದ್ದು ಮುಂದೆ ಹೋಗಿ ತಿರುಗಿ ನೋಡುತ್ತೇನೆ. ಹೋದ ತಿಂಗಳು ಒಬ್ಬಳು ಹೆದರಿ ಮಧ್ಯದಲ್ಲೇ ಇಳಿದುಬಿಟ್ಟಳು. ಹೊಸ ಕಂಡಕ್ಟರ್ ನನ್ನನ್ನು ನೋಡಿದ ನೋಟ ನನಗೆ ಗೊತ್ತಿದೆ, ತಲೆ ಸರಿಯಿಲ್ಲದವರನ್ನು ನಾನೂ ಹಾಗೇ ನೋಡುತ್ತಿದ್ದೆ.

ಒಮ್ಮೆ ಮುಖ ಕಂಡರೆ ಈ ಹುಡುಕಾಟ ನಿಲ್ಲುತ್ತದೆ. ಅವಳೇ ಮಾಡಿಟ್ಟ ಮುಖ ಅಲ್ಲಿದೆ. ನೀನು ಮತ್ತೆ ಅಡ್ಡ ನಿಂತಿದ್ದೀಯ. ಕೈ ತೆಗೆ.

ಕಡ್ಡಿಯ ಅಮ್ಮ


ಮೇ 11

ಅಮ್ಮ,

ತಡವಾಯಿತು. ಮಿತಿಯನ್ನು ಸಡಿಲಿಸಿದ್ದೇನೆ. ಈಗ ಹತ್ತಿರ ಹೋದರೆ ಮುಖ ಕಾಣುತ್ತದೆ. ನೋಡಿ.

ಸೋಡಾಬುಡ್ಡಿ


ಮೇ 17

ಯಾರವಳು?

ಡ್ರೈವರನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ಕೈಗೆ ಕ್ರೀಮ್ ಹಚ್ಚಿಕೊಂಡು, ತಲೆ ಬಾಚಿಕೊಂಡು ಕೂತೆ. ಮಗಳನ್ನು ನೋಡಲು ತಲೆ ಬಾಚಿಕೊಂಡೆ ಅಂದರೆ ನನ್ನ ಆಸೆ ಎಷ್ಟಿತ್ತು ನೋಡು. ಬೆರಳು ಕೂಡಿಸಿದೆ. ಕೋಟು ಬಂತು, ಕೊರಳು ಬಂತು, ಮುಖ ಬಂತು. ಯಾರದೋ ಮುಖ. ಕಣ್ಣು ಅವಳದೇ, ಮೂಗು ಅವಳದೇ, ಹುಬ್ಬಿನ ಮೇಲಿನ ಗಾಯದ ಗುರುತೂ ಇದೆ. ಆದರೂ ಅವಳಲ್ಲ. ಬಾಯಿ ಮುಚ್ಚಿ ಮುಗುಳುನಗುತ್ತಾಳೆ. ಕಡ್ಡಿ ಬಾಯಿ ಮುಚ್ಚಿ ನಕ್ಕಿದ್ದನ್ನು ನೀನು ಕಂಡಿದ್ದೀಯಾ? ಫೋಟೋದವನು “ನಗಿ” ಅಂದಾಗ ಮಾತ್ರ ಹಾಗೆ ಮಾಡುತ್ತಿದ್ದಳು. ನಿನ್ನ ಹತ್ತಿರ ಇರುವ ಗುರುತಿನ ಚೀಟಿಯ ಫೋಟೋ ಅದು. ಅದನ್ನು ತಂದು ಅಲ್ಲಿ ಅಂಟಿಸಿದ್ದೀಯ.

ತಾಯಿಯ ಕಣ್ಣಿಗೆ ಮಣ್ಣೆರಚಲು ಬಂದೆಯಾ?

ಈಗ ನನ್ನ ತಲೆಯಲ್ಲಿ ಬೇರೆಯೇ ಮಾತು ಶುರುವಾಗಿದೆ. ಇಲ್ಲಿ ಇನ್ನಾರನ್ನೋ ನಿಲ್ಲಿಸಿ ‘ಇವಳೇ ಕಡ್ಡಿ’ ಅನ್ನುವವನು ಅಲ್ಲಿಯೂ ಅದನ್ನೇ ಮಾಡಿರಬಹುದಲ್ಲ. ಬೂದು ಬಾಗಿಲಿನ ಆಚೆ ನೋಡಿದವನು ನೀನೊಬ್ಬನೇ. ಅವಳೇ ಎಂದು ಸಹಿ ಮಾಡಿದವನು ನೀನೊಬ್ಬನೇ. ಆ ಪೆಟ್ಟಿಗೆಯಲ್ಲಿ ಯಾರಿದ್ದರು? ನನ್ನ ಮಗಳು ಎಲ್ಲಿದ್ದಾಳೆ?

ಸಹಿ ಹಾಕುವಷ್ಟು ಸಮಾಧಾನವಿಲ್ಲ.


ಜೂನ್ 1

ಉತ್ತರ ಬಂದಿಲ್ಲ. ಇವತ್ತು ಮೂರು ಬಸ್ಸು ಬದಲಾಯಿಸಿದೆ. ಡ್ರೈವರ್ ಹುಡುಕಿಕೊಂಡು ಬಂದು ಮನೆಗೆ ಕರೆತಂದರು. ಅವರಿಗೂ ವಯಸ್ಸಾಗಿದೆ, ಪಾಪ.

ಅಮ್ಮ


ಜೂನ್ 9

ಅಮ್ಮ,

ಬರೆದು ಹರಿದು, ಬರೆದು ಹರಿದು ಇಷ್ಟು ದಿನವಾಯಿತು. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಡ್ರೈವರ್ ಅಂಕಲ್ ಮನೆಯಲ್ಲಿದ್ದಾಗ ಓದಿ.

ನೀರಿನ ಟ್ಯಾಂಕ್ ಸ್ಟಾಪಿನ ಕಡ್ಡಿಗೆ ಮುಖ ಇಲ್ಲ. ಅವಳು ಬಿಡಿಸಿಯೇ ಇರಲಿಲ್ಲ. ಅಷ್ಟು ಎತ್ತರದಿಂದ ಯಾರಿಗೂ ಕಾಣದ ಮುಖವನ್ನು ಬಿಡಿಸಿ ಸಮಯ ಹಾಳು ಮಾಡುವುದೇಕೆ ಎಂದು ಹಿನ್ನೆಲೆಯ ಜನರನ್ನೆಲ್ಲ ಹಾಗೇ ಬಿಡುತ್ತಿದ್ದೆವು. ಮುಖದ ಜಾಗದಲ್ಲಿ ಬರೀ ಚರ್ಮದ ಬಣ್ಣ. ನೀವು ಜೂಮ್ ಕೇಳಿದಾಗ ಇದಕ್ಕೇ ಹೆದರಿದೆ. ಆಗುವುದಿಲ್ಲ ಅಂದೆ, ಮಿತಿ ಇಟ್ಟೆ, ಕೊನೆಗೆ ಆ ಫೋಟೋ ನೋಡಿ ಮುಖ ಮಾಡಿದೆ. ಎಷ್ಟು ಸಲ ಮಾಡಿ ಅಳಿಸಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಬೇರೆ ಯಾರೋ ಬಂದು ನಿಲ್ಲುತ್ತಿದ್ದರು. ದಿನವಿಡೀ ಎದುರು ಕೂತು ಕೆಲಸ ಮಾಡಿದವಳ ಮುಖ ನನ್ನ ಕೈಗೆ ಬರಲಿಲ್ಲ. ಅವಳು ನನಗೆ ಏನಾಗಿದ್ದಳೆಂದು ನೀವು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಬೂದು ಬಾಗಿಲಿನ ಮಾತು. ಒಳಗಿದ್ದ ನೌಕರ ಬಟ್ಟೆಯನ್ನು ತಲೆಯ ಕಡೆಯಿಂದ ಎತ್ತಿದ. “ಗುರುತು ಸಿಗುತ್ತಾ ನೋಡಿ” ಅಂದ. ಸಿಗಲಿಲ್ಲ ಅಮ್ಮ. ಅಲ್ಲಿ ಮುಖ ಇರಲಿಲ್ಲ. ನಿಮ್ಮಿಂದ ಮುಖವನ್ನು ಬಚ್ಚಿಡಲಿಲ್ಲ ನಾನು, ಬಚ್ಚಿಡಲು ಅಲ್ಲಿ ಏನೂ ಉಳಿದಿರಲಿಲ್ಲ. ಅದನ್ನು ನಿಮಗೆ ಯಾವ ಬಾಯಿಂದ ಹೇಳಲಿ ಎಂದು ಕೈ ಅಡ್ಡ ಹಿಡಿದೆ.

ಇವಳಲ್ಲ ಎಂದು ಹೇಳಿ ಹೊರಗೆ ಓಡಿಬರಬೇಕೆಂದಿದ್ದೆ. ಅಷ್ಟರಲ್ಲಿ ಅವನು ಕಾಲಿನ ಕಡೆ ಎತ್ತಿದ. ಕಬ್ಬಿಣದ ಕಪಾಟು ಮೇಲೆ ಬಿದ್ದಿದ್ದರಿಂದ ಎಡಗಾಲಿಗೆ ಬೆಂಕಿ ತಾಗಿರಲಿಲ್ಲ. ಹೆಬ್ಬೆರಳಿನ ಉಗುರು ಕಪ್ಪಗಿತ್ತು, ನಡುವೆ ಸೀಳಿತ್ತು. ಕೆಲಸದಲ್ಲಿ ಮುಳುಗಿದಾಗ ಅವಳು ಚಪ್ಪಲಿ ಬಿಟ್ಟು ಕಾಲನ್ನು ಕುರ್ಚಿಯ ಮೇಲಿಟ್ಟು ಕೂರುತ್ತಿದ್ದಳು. ಆ ಉಗುರು ನನ್ನ ಕಣ್ಣಿಗೆ ಬಿದ್ದರೆ ತಟ್ಟನೆ ಕಾಲು ಮಡಿಸುತ್ತಿದ್ದಳು. ಏನಾಗಿತ್ತು ಎಂದು ನಾನು ಕೇಳಿದವನಲ್ಲ. ಸಹಿ ಮಾಡಿದ್ದು ಆ ಉಗುರನ್ನು ನೋಡಿ.

ಇನ್ನೂ ಒಂದಿದೆ. ಏಪ್ರಿಲ್‌ನಲ್ಲಿ ಕರಿ ಚುಕ್ಕೆ ಒರೆಸಿದೆ ಎಂದು ಜಂಬದಿಂದ ಬರೆದಿದ್ದೆನಲ್ಲ. ಹೋದ ವಾರ ಹಳೆಯ ಪ್ರತಿ ತೆಗೆದು ದೊಡ್ಡದು ಮಾಡಿ ನೋಡಿದೆ. ಅದು ಎಲ್ಲಿಂದಲೋ ಬಿದ್ದ ಚುಕ್ಕೆಯಲ್ಲ. ಎಡಗಾಲಿನ ಹೆಬ್ಬೆರಳ ಮೇಲಿತ್ತು. ನಡುವೆ ಕೂದಲೆಳೆಯಂಥ ಬಿಳಿ ಗೆರೆ. ಮುಖ ಬಿಡಿಸದವಳು ಅದನ್ನು ಬಿಡಿಸಿದ್ದಳು, ನಾನು ಕೊಳೆ ಎಂದು ಒರೆಸಿದ್ದೆ. ಅವಳ ಕೈಯ ಕೊನೆಯ ತಮಾಷೆಯನ್ನು ಅಳಿಸಿದವನು ನಾನು. ವಾಪಸ್ ಇಟ್ಟಿದ್ದೇನೆ.

ನಾನು ಮಾಡಿದ ಮುಖ ತೆಗೆದಿದ್ದೇನೆ. ಮಿತಿಯನ್ನೂ ತೆಗೆದಿದ್ದೇನೆ. ಈಗ ಎಷ್ಟು ಬೇಕಾದರೂ ಹತ್ತಿರ ಹೋಗಬಹುದು. ಒಂದು ಹಂತ ದಾಟಿದರೆ ಕ್ಯಾಮೆರಾ ಅವಳ ಒಳಗೇ ಹೋಗುತ್ತದೆ, ಒಳಗೆ ಟೊಳ್ಳು, ಗಾಬರಿಯಾಗಬೇಡಿ. ನೋಡಲೇಬೇಕೆಂದು ನಾನು ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಈ ಸಲ ಬಾಗಿಲಲ್ಲಿ ನಾನು ನಿಂತಿಲ್ಲ.

ಸೋಡಾಬುಡ್ಡಿ


ಜುಲೈ 3

ಸೋಡಾಬುಡ್ಡಿಗೆ,

ನಿನ್ನ ಕಾಗದವನ್ನು ಡ್ರೈವರ್ ಗಟ್ಟಿಯಾಗಿ ಓದಿದರು. ಉಗುರಿನ ಮಾತು ಬಂದಾಗ ಕಾಗದವನ್ನು ಮಡಿಲಲ್ಲಿಟ್ಟು ನನ್ನ ಕಡೆ ತಿರುಗಿದರು. ಅವರಿಗೆ ಗೊತ್ತು. ಆಗ ಅವಳಿಗೆ ಏಳು ವರ್ಷ. ರಜೆಯಲ್ಲಿ ನನ್ನ ಬಸ್ಸಿನಲ್ಲೇ ಓಡಾಡಿಕೊಂಡಿದ್ದಳು. ನೀರಿನ ಟ್ಯಾಂಕ್ ಸ್ಟಾಪಿನಲ್ಲಿ ಬಾಗಿಲು ಮುಚ್ಚುವಾಗ ಆಟಕ್ಕೆಂದು ಕಾಲು ಚಾಚಿದಳು. ಉಗುರು ಮತ್ತೆ ನೆಟ್ಟಗೆ ಬರಲೇ ಇಲ್ಲ. ಶಾಲೆಯಲ್ಲಿ ಹುಡುಗಿಯರು ಆಡಿಕೊಳ್ಳುತ್ತಾರೆಂದು ಆ ಕಾಲನ್ನು ಇನ್ನೊಂದರ ಹಿಂದೆ ಬಚ್ಚಿಟ್ಟು ನಿಲ್ಲುವುದನ್ನು ಕಲಿತಳು. ನೀವೆಲ್ಲ ಅವಳ ಸ್ಟೈಲು ಎಂದುಕೊಂಡಿದ್ದು ಅದನ್ನೇ. ಅದು ಹೇಗಾಯಿತೆಂದು ಅವಳು, ನಾನು, ಡ್ರೈವರ್ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯದು. ಆ ಉಗುರು ಕಂಡ ಮೇಲೆ ಗುರುತು ತಪ್ಪಲು ಸಾಧ್ಯವೇ ಇಲ್ಲ.

ಹಾಗಾದರೆ ಅವಳೇ. ಆ ಪೆಟ್ಟಿಗೆಯಲ್ಲಿ ಇದ್ದವಳು ಅವಳೇ.

ಟ್ಯಾಬನ್ನು ಮೂರು ವಾರ ಮುಟ್ಟಲಿಲ್ಲ. ಬಸ್ಸನ್ನೂ ಹತ್ತಲಿಲ್ಲ. ಇವತ್ತು ಬೆಳಿಗ್ಗೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಡ್ರೈವರ್ ಹೊರಗೆ ಹೋಗುತ್ತೇನೆ ಅಂದರು, ಬೇಡ, ಇಲ್ಲೇ ಇರಿ ಅಂದೆ.

ಬೆರಳು ಕೂಡಿಸಿದೆ. ಬಂದಳು. ಮುಖದ ಜಾಗ ನೀನು ಹೇಳಿದಂತೆಯೇ ಖಾಲಿ. ಅದನ್ನು ಬಹಳ ಹೊತ್ತು ನೋಡಿದೆ. ಕಣ್ಣು ತೆಗೆಯಲಿಲ್ಲ. ಆಮೇಲೆ ಇನ್ನೂ ಹತ್ತಿರ ಹೋದೆ. ತಲೆ ಮಾಯವಾಯಿತು. ಕೊರಳು, ಕೋಟು, ಬ್ಯಾಗು ಎಲ್ಲ ಒಂದೊಂದಾಗಿ ಮಾಯವಾದವು. ನೀನು ಕ್ಯಾಮೆರಾವನ್ನು ಮೇಲಿನಿಂದ ಇಟ್ಟಿದ್ದೀಯಲ್ಲ, ಅವಳೊಳಗೆ ಇಳಿದ ಹಾಗಾಯಿತು. ಕೊನೆಗೆ ಕೆಳಗೆ ನೆಲ ಕಂಡಿತು, ನೆಲದ ಮೇಲೆ ಕಾಲು ಕಂಡಿತು. ಹೊರಗೆ ನಿಂತವರಿಗೆ ಯಾವತ್ತೂ ಕಾಣದಂತೆ ಹಿಂದೆ ಬಚ್ಚಿಟ್ಟ ಎಡಗಾಲು. ಕಪ್ಪು ಉಗುರು, ನಡುವೆ ಬಿಳಿ ಗೆರೆ.

ನೀನು ಆವತ್ತು ನೋಡಿದ್ದನ್ನೇ ನಾನು ಇವತ್ತು ನೋಡಿದೆ. ನೀನು ಒಬ್ಬನೇ ಒಳಗೆ ಹೋಗಬಾರದಿತ್ತು ಕಂದಾ. ನಾನು ನಿನ್ನ ಕೈ ತಳ್ಳಿ ಜೊತೆಗೆ ಬರಬೇಕಿತ್ತು. ಅಲ್ಲಿ ಏನಿತ್ತೋ ಅದನ್ನು ಇಬ್ಬರೂ ನೋಡಬೇಕಿತ್ತು. ಒಂದು ವರ್ಷ ನೀನು ಅದನ್ನು ಒಬ್ಬನೇ ಹೊತ್ತುಕೊಂಡೆ, ನಾನು ನಿನ್ನನ್ನು ಸುಳ್ಳುಗಾರ ಅಂದೆ. ಅವಳು ನಿನಗೆ ಏನಾಗಿದ್ದಳೆಂದು ನಾನು ಕೇಳಲಿಲ್ಲ, ನಿಜ. ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಎರಡನೆಯ ಕುರ್ಚಿ ತಂದಿಡು. ಬಂದಾಗ ನನಗೆ ಕೂರಲು ಬೇಕು.

ಉಗುರಿನ ಮೇಲೆ ಬೆರಳಿಟ್ಟೆ. ಗಾಜು ತಣ್ಣಗಿತ್ತು. ಆಮೇಲೆ ಬೆರಳನ್ನು ಅಗಲಿಸಿದೆ. ಬ್ಯಾಗು ಬಂತು, ಕೋಟು ಬಂತು, ಸ್ಟಾಪು ಬಂತು, ನಮ್ಮ ಬಸ್ಸು ಬಂತು. ಬಾಗಿಲು ಜನವರಿಯಿಂದ ತೆರೆದೇ ಇತ್ತು. ಮುಚ್ಚಿದೆ. ಡ್ರೈವರ್ ನನ್ನನ್ನು ನೋಡಿದರು, ನಾನು ತಲೆಯಾಡಿಸಿದೆ. ಬಾಯಿಬಿಟ್ಟು “ರೈಟ್” ಅಂದೆ, ಬಟನ್ ಒತ್ತಿದೆ.

ಬಸ್ಸು ಹೊರಟಿತು. ಹಳದಿ ಕೋಟು ಪರದೆಯ ಅಂಚಿನವರೆಗೆ ಸರಿದು ಕಾಣದಾಯಿತು. ಹಿಂದಕ್ಕೆ ತಿರುಗಿ ನೋಡುವ ಸೌಕರ್ಯ ನಿನ್ನ ಕ್ಯಾಮೆರಾದಲ್ಲಿ ಇಲ್ಲ.

ಅದನ್ನು ಸೇರಿಸಬೇಡ.

ಕಡ್ಡಿಯ ಅಮ್ಮ